ಬಾಗಿಲ ಬುಡದ ಟವಲ್

ಆ ಮನೆಯಲ್ಲಿ ನನಗೆಂದೇ ಇಟ್ಟ ಒಂದು ಟವಲ್ ಇತ್ತು. ಹಳದಿ ಬಣ್ಣದ್ದು. ಮೈ ಒರೆಸಿಕೊಳ್ಳಲಿಕ್ಕಲ್ಲ, ಕೈ ಒರೆಸಿಕೊಳ್ಳಲಿಕ್ಕೂ ಅಲ್ಲ. ನಾನು ಬಚ್ಚಲೊಳಗೆ ಹೋದ ಮೇಲೆ ಮೇಡಂ ಹೊರಗಿನಿಂದ ಬಾಗಿಲು ಮುಚ್ಚುತ್ತಿದ್ದರು. ಆಮೇಲೆ ಆ ಟವಲನ್ನು ನೀರಲ್ಲಿ ನೆನೆಸಿ, ಹಿಂಡಿ, ಉದ್ದಕ್ಕೆ ಸುತ್ತಿ, ಬಾಗಿಲ ಬುಡದ ಸಂದಿಗೆ ಕಾಲಿನಿಂದ ಒತ್ತುತ್ತಿದ್ದರು. ಒಳಗಿದ್ದ ನನಗೆ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಸಂದಿಯಲ್ಲಿ ಕಾಣುತ್ತಿದ್ದ ಬೆಳಕಿನ ಗೆರೆ ಒಂದು ತುದಿಯಿಂದ ಅಳಿಸುತ್ತಾ ಬಂದು ಇನ್ನೊಂದು ತುದಿಯಲ್ಲಿ ಮುಗಿಯುತ್ತಿತ್ತು. ಆಮೇಲೆ ಒಳಗೆ ಉಳಿದವರು ನಾನು, ಆಸಿಡ್ಡು, ಬ್ಲೀಚು.

ವಾಸನೆ ಮನೆಯೊಳಗೆ ಬರಬಾರದು. ಮನೆಯಲ್ಲಿ ಮಗು ಇದೆ, ಮೇಡಂನ ಮೊಮ್ಮಗು. ಅದಕ್ಕೆ ಉಬ್ಬಸ. ಧೂಳು ಆಗುವುದಿಲ್ಲ, ಸೆಂಟು ಆಗುವುದಿಲ್ಲ, ಒಗ್ಗರಣೆಯ ಹೊಗೆ ಕೂಡ ಆಗುವುದಿಲ್ಲ. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಕಂಡರೆ ಅದು ಹಲ್ಲಿಲ್ಲದ ಬಾಯಿ ಬಿಟ್ಟು ಎರಡೂ ಕೈ ಚಾಚುತ್ತಿತ್ತು. ಆದರೆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ವಾಸನೆ ಕೆಟ್ಟದ್ದು ಅಂತ ಮೇಡಂಗೆ ಗೊತ್ತಿತ್ತು. ಗೊತ್ತಿಲ್ಲದೆ ಯಾರೂ ಟವಲ್ ನೆನೆಸುವುದಿಲ್ಲ.

ಬಚ್ಚಲಿಗೆ ಒಂದು ಸಣ್ಣ ಕಿಟಕಿಯೂ ಇತ್ತು. ಪಾರಿವಾಳ ಗೂಡು ಕಟ್ಟಿ ಗಲೀಜು ಮಾಡಿತೆಂದು ಅದಕ್ಕೆ ರಟ್ಟು ಇಟ್ಟು ಸುತ್ತಲೂ ಟೇಪು ಹಚ್ಚಿಸಿದ್ದರು. ಪಾರಿವಾಳ ಜಾಣ, ಬೇರೆ ಕಡೆ ಹೋಯಿತು. ರಟ್ಟು ಅಲ್ಲೇ ಉಳಿಯಿತು. ನಾನೂ ಅಲ್ಲೇ ಉಳಿದೆ.

ಆ ಕಟ್ಟಡದಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಆ ಮನೆಗೆ ಮೂಗಿನ ಮನೆ ಅನ್ನುತ್ತೇವೆ. ಕಾರಣ ಇದೆ. ನಮ್ಮ ಕೆಲಸವನ್ನು ಬೇರೆ ಮನೆಯವರು ಕಣ್ಣಿನಿಂದ ನೋಡುತ್ತಾರೆ. ಕೆಲವರು ಬೆರಳಿನಿಂದ ಉಜ್ಜಿ ನೋಡುತ್ತಾರೆ. ಈ ಮೇಡಂ ಮೂಗಿನಿಂದ ನೋಡುತ್ತಾರೆ. ನಾನು ತೊಳೆದು ಮುಗಿಸಿ ಹೊರಗೆ ಬಂದ ಮೇಲೆ ಅವರು ಬಾಗಿಲನ್ನು ಬೆರಳಗಲ ತೆರೆದು, ಕುತ್ತಿಗೆ ಚಾಚಿ, ಒಂದೇ ಒಂದು ಸಲ ಉಸಿರು ಎಳೆಯುತ್ತಿದ್ದರು. ಮೂಗಿಗೆ ಚುರ್ರೆಂದರೆ ಕೆಲಸ ಆಯಿತು ಅಂತ ಲೆಕ್ಕ. ಚುರುಗುಟ್ಟದಿದ್ದರೆ, "ಏನೇ, ಬರೀ ನೀರು ಹಾಕಿ ಬಂದ್ಯಾ? ವಾಸನೆನೇ ಇಲ್ವಲ್ಲ" ಅನ್ನುತ್ತಿದ್ದರು. ಟೈಲ್ಸ್ ಮೇಲೆ ಮುಖ ನೋಡಿಕೊಳ್ಳಬಹುದಾಗಿದ್ದರೂ ಅಷ್ಟೇ. ಮತ್ತೆ ಒಳಗೆ ಹೋಗಬೇಕು. ಮತ್ತೆ ಬಾಗಿಲು, ಮತ್ತೆ ಟವಲ್.

ಅದಕ್ಕೇ ನಾವು ವಾಸನೆ ಹಾಕುವುದು ಅಂತ ಒಂದು ಕೆಲಸ ಮಾಡುತ್ತಿದ್ದೆವು. ಎಲ್ಲ ತೊಳೆದು, ಉಜ್ಜಿ, ನೀರು ಹೊಡೆದು ಮುಗಿಸಿ, ಹೊರಗೆ ಬರುವ ಮುಂಚೆ ಒಂದು ಮುಚ್ಚಳ ಬ್ಲೀಚನ್ನು ಮೂಲೆಗೆ ಸುರಿದು ಬರುವುದು. ಅದರಿಂದ ಏನೂ ಶುಚಿಯಾಗುವುದಿಲ್ಲ. ಅದು ಮೇಡಂನ ಮೂಗಿಗೆ ಕೊಡುವ ಹಾಜರಿ. ಈ ಉಪಾಯವನ್ನು ನನಗೆ ಹೇಳಿಕೊಟ್ಟದ್ದು ನನ್ನ ಅತ್ತೆ.

ಅತ್ತೆ ನನಗಿಂತ ಮೊದಲು ಅದೇ ಮನೆಯಲ್ಲಿ ಕೆಲಸ ಮಾಡಿದವರು. ನನ್ನ ಗಂಡ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡುತ್ತಿದ್ದ ಕಾಲದಿಂದ, ನಾನು ಸೊಸೆಯಾಗಿ ಬಂದು ಮಗಳನ್ನು ಹೆತ್ತು ಎದ್ದು ಓಡಾಡುವ ತನಕ ಮಾಡಿದರು. ಆಮೇಲೆ ಅವರ ಎದೆ ಕೇಳಲಿಲ್ಲ. ಈಗ ನಾಲ್ಕು ಮಾತಾಡಿದರೆ ಮಧ್ಯೆ ಕೆಮ್ಮಲು ಕೂರುತ್ತಾರೆ. ದನಿ ಹೋಗಿ ಗಾಳಿ ಮಾತ್ರ ಉಳಿದಿದೆ. ಹತ್ತಿರ ಕೂತು ಕಿವಿ ಕೊಟ್ಟರೆ ಮಾತ್ರ ಅವರ ಮಾತು ಸಿಗುತ್ತದೆ. ವಾಸನೆಯಂತೂ ಎಂದೋ ಹೋಯಿತು. ಅನ್ನ ಸೀದು ಕಪ್ಪಗಾಗುತ್ತಿದ್ದರೂ ಒಲೆಯ ಪಕ್ಕದಲ್ಲೇ ಆರಾಮಾಗಿ ಕೂತಿರುತ್ತಾರೆ. ಕೇಳಿದರೆ, ನನ್ನ ಮೂಗನ್ನ ಆ ಮೂಗಿನ ಮನೆಗೇ ಕೊಟ್ಟು ಬಂದೆ, ಈಗ ಇರೋದು ಕನ್ನಡಕ ಇಟ್ಕೊಳ್ಳೋಕೆ ಅಂತ ನಗುತ್ತಾರೆ. ನಕ್ಕರೆ ಕೆಮ್ಮು ಬರುತ್ತದೆ. ಅದಕ್ಕೇ ಹೆಚ್ಚು ನಗುವುದಿಲ್ಲ.

ಅವರು ಬಿಟ್ಟ ಜಾಗಕ್ಕೆ ನಾನು ಹೋದೆ. ಅದು ಯಾರೂ ಕೂತು ಯೋಚಿಸಿ ಮಾಡಿದ ತೀರ್ಮಾನವಲ್ಲ. ಒಬ್ಬರು ಎದ್ದ ಜಾಗಕ್ಕೆ ಇನ್ನೊಬ್ಬರು ಕೂತಂತೆ ಆಯಿತು, ಅಷ್ಟೆ.

ಮೊದಮೊದಲು ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದೆ. ಒಂದು ದಿನ ಮೇಡಂನ ಗೆಳತಿಯರು ಬಂದಿದ್ದರು. ನಾನು ಬಟ್ಟೆ ಕಟ್ಟಿಕೊಂಡು ಬಕೆಟ್ ಹಿಡಿದು ಹಾಲ್ ದಾಟಿದೆ. ಅವರು ಹೋದ ಮೇಲೆ ಮೇಡಂ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಬೈದರು. ನಮ್ಮ ಬಾತ್‌ರೂಮ್ ಅಷ್ಟು ಗಬ್ಬು ನಾರುತ್ತಾ, ನೋಡಿದವರು ಏನಂದ್ಕೋತಾರೆ, ಮರ್ಯಾದೆ ಕಳೀಬೇಡ ಅಂದರು. ಬಟ್ಟೆ ಕಟ್ಟಿಕೊಂಡದ್ದು ಅವರ ಗಲೀಜಿಗಲ್ಲ, ಅವರು ಕೊಡುವ ಆಸಿಡ್ಡು ಬ್ಲೀಚಿಗೆ ಅಂತ ಹೇಳಬೇಕಿತ್ತು. ಆದರೆ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರ ಮರ್ಯಾದೆ ಉಳಿಯಿತು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಡಂ ಆಸಿಡ್ಡನ್ನೂ ಬ್ಲೀಚನ್ನೂ ದೊಡ್ಡ ಕ್ಯಾನಿನಲ್ಲಿ ತರಿಸುತ್ತಿದ್ದರು. ಕ್ಯಾನನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಸುರಿದುಬಿಡುತ್ತೇವಂತೆ. ಕುಡಿದು ಖಾಲಿಯಾದ ಜ್ಯೂಸಿನ ಎರಡು ಬಾಟಲಿಗಳಿಗೆ ಅಳೆದು ಹಾಕಿ ಬಚ್ಚಲ ಮೂಲೆಯಲ್ಲಿ ಇಡುತ್ತಿದ್ದರು. ಎರಡೂ ಒಂದೇ ಥರದ ಬಾಟಲಿ, ಒಂದೇ ಥರದ ಮುಚ್ಚಳ. ಒಳಗಿನ ನೀರಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ಯಾವುದು ಯಾವುದೆಂದು ತಿಳಿಯಲು ನಮಗಿದ್ದ ದಾರಿ ಮೂಗು ಒಂದೇ. ಮುಚ್ಚಳ ಸಡಿಲಿಸಿ, ದೂರ ಹಿಡಿದು, ಅರ್ಧ ಉಸಿರು ತೆಗೆದುಕೊಳ್ಳಬೇಕು. ಗಂಟಲು ಹಿಡಿದರೆ ಆಸಿಡ್, ನೆತ್ತಿಗೆ ಏರಿದರೆ ಬ್ಲೀಚ್. ಇದನ್ನೂ ಅತ್ತೆಯೇ ಹೇಳಿಕೊಟ್ಟಿದ್ದರು. ಎರಡನ್ನೂ ಯಾವತ್ತೂ ಸೇರಿಸಬೇಡ ಅಂತಲೂ ಹೇಳಿದ್ದರು. ಒಂದು ಹಾಕಿದ ಮೇಲೆ ಬಕೆಟ್‌ಗಟ್ಟಲೆ ನೀರು ಹೊಡೆದು, ಆಮೇಲೆ ಇನ್ನೊಂದು.

ಬಾಟಲಿಗೆ ಒಂದು ದಾರ ಕಟ್ಟಿ ಗುರುತು ಮಾಡಬಹುದಿತ್ತು. ಕಟ್ಟಿದ್ದೆ ಕೂಡ. ಬಾಟಲಿಗಳು ಬದಲಾಗುತ್ತಿದ್ದವು, ದಾರ ಕಸಕ್ಕೆ ಹೋಗುತ್ತಿತ್ತು. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಆಮೇಲೆ ಬಿಟ್ಟೆ. ಮೂಗು ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ.

ಮೂಗೂ ಹೋಯಿತು. ಯಾವತ್ತು ಹೋಯಿತೋ ಗೊತ್ತಿಲ್ಲ. ಒಂದು ಸಂಜೆ ಹಾಲು ಕಾಯಲಿಟ್ಟು ಅದರ ಮುಂದೆಯೇ ನಿಂತು ಪಾತ್ರೆ ತೊಳೆಯುತ್ತಿದ್ದೆ. ಮಗಳು ಹೊರಗಿನ ನಲ್ಲಿಯ ಹತ್ತಿರದಿಂದ ಓಡಿ ಬಂದು ಒಲೆ ಆರಿಸಿದಳು. ಹಾಲು ಉಕ್ಕಿ, ಬತ್ತಿ, ತಳ ಹತ್ತಿತ್ತು. ಅಮ್ಮ, ಬೀದಿಗೆಲ್ಲ ವಾಸನೆ ಹೊಡೀತಿದೆ, ನಿಂಗೆ ಗೊತ್ತಾಗ್ಲಿಲ್ವಾ ಅಂದಳು. ತಲೆನೋವಿತ್ತು, ಗಮನ ಇರಲಿಲ್ಲ ಅಂದೆ. ಮೂಲೆಯಲ್ಲಿ ಕೂತಿದ್ದ ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು, ನನಗೂ ಆಗಿತ್ತು.

ನನ್ನ ಮಗಳ ಮೂಗು ಬಲು ಚುರುಕು. ಆಚೆ ಮನೆಯಲ್ಲಿ ಎಣ್ಣೆ ಬಿಸಿಗಿಟ್ಟರೆ ಇವತ್ತು ಅವರಿಗೆ ಮೀನು ಅಂತ ಇಲ್ಲಿ ಹೇಳಿಬಿಡುತ್ತಾಳೆ. ಚಿಕ್ಕವಳಿದ್ದಾಗ ನಾನು ಕೆಲಸದಿಂದ ಬಂದ ಕೂಡಲೇ ಬಂದು ಅಪ್ಪಿಕೊಳ್ಳುತ್ತಿದ್ದಳು. ಬೆಳೆಯುತ್ತಾ ಬೆಳೆಯುತ್ತಾ ದೂರ ನಿಲ್ಲಲು ಶುರು ಮಾಡಿದಳು. ಬೇಸರದಿಂದಲ್ಲ. ನಿನ್ನ ಹತ್ರ ಬಂದ್ರೆ ಕಣ್ಣು ಉರಿಯುತ್ತಮ್ಮಾ ಅಂದಳು. ಆವತ್ತಿನಿಂದ ಕೆಲಸದ ಬಟ್ಟೆಯನ್ನು ಹೊರಗೇ ಬದಲಿಸಿ, ಮುಖ ತೊಳೆದು ಒಳಗೆ ಬರುತ್ತೇನೆ. ಈಗ ಅವಳು ನನ್ನಷ್ಟೇ ಎತ್ತರ. ಆ ವರ್ಷದ ಪರೀಕ್ಷೆ ಬರೆದು ಮುಗಿಸಿ ರಜೆಯಲ್ಲಿ ಮನೆಯಲ್ಲಿದ್ದಳು. ಈ ಕೆಲಸಕ್ಕೆ ಇವಳನ್ನು ಕಳಿಸುವುದಿಲ್ಲ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಒಳಗೊಳಗೇ ಆಣೆ ಇಟ್ಟುಕೊಂಡಿದ್ದೆ. ಗಂಡನೊಡನೆ ಜಗಳವಾಡಿದ್ದು, ಮಂಡಿ ಸವೆಸಿದ್ದು, ಎಲ್ಲ ಅದೊಂದಕ್ಕೆ.

ಮೂಗಿಲ್ಲದೆ ಮೂಗಿನ ಮನೆಯಲ್ಲಿ ಎಷ್ಟು ದಿನ ದೂಡಬಹುದು? ದೂಡಿದೆ. ಬಾಟಲಿ ತಂದಿಟ್ಟಾಗ ಮೇಡಂನ ಕೈ ನೋಡಿ ಎಡಗಡೆ ಇಟ್ಟದ್ದು ಯಾವುದು, ಬಲಗಡೆ ಇಟ್ಟದ್ದು ಯಾವುದು ಅಂತ ನೆನಪಿಟ್ಟುಕೊಳ್ಳುತ್ತಿದ್ದೆ. ಹೇಳಿಕೊಂಡರೆ ಕೆಲಸ ಹೋಗುತ್ತದೆ ಅನ್ನುವ ಭಯ. ವಾಸನೆ ಬಾರದವಳನ್ನು ಆ ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ.

ಆವತ್ತು ಮನೆಗೆ ಯಾರೋ ಬರುವವರಿದ್ದರು. ಮೇಡಂಗೆ ಅವಸರ. ಬಾಟಲಿ ಮೊದಲೇ ತಂದಿಟ್ಟಿದ್ದರು, ನಾನು ನೋಡಿರಲಿಲ್ಲ. ಬಾಗಿಲು ಮುಚ್ಚಿತು. ಚಪ್ಪಲಿ ಸದ್ದಾಯಿತು. ಬೆಳಕಿನ ಗೆರೆ ಹೋಯಿತು. ನಾನು ಒಂದು ಬಾಟಲಿ ಎತ್ತಿ ಮೂಸಿದೆ. ಏನೂ ಇಲ್ಲ. ಇನ್ನೊಂದು ಮೂಸಿದೆ. ಅದೂ ನೀರೇ. ಹತ್ತಿರ ಹಿಡಿದು ಪೂರ್ತಿ ಉಸಿರು ಎಳೆದೆ. ಗಂಟಲು ಹಿಡಿಯಿತೋ ನೆತ್ತಿಗೆ ಏರಿತೋ ತಿಳಿಯಲಿಲ್ಲ. ಎರಡೂ ಕಡೆ ಬರೀ ಉರಿ. ಅಂದಾಜಿನ ಮೇಲೆ ಒಂದನ್ನು ಕಮೋಡಿಗೆ ಹಾಕಿ ಉಜ್ಜಿದೆ. ಕಲೆ ಹೋಗಲಿಲ್ಲ. ಇನ್ನಷ್ಟು ಹಾಕೋಣವೆಂದು ಕೈ ಹಿಂದೆ ಚಾಚಿದೆ. ಕೈಗೆ ಸಿಕ್ಕಿದ್ದು ಅದೇ ಬಾಟಲಿ ಅಂದುಕೊಂಡೆ.

ಸುರಿದ ಕೂಡಲೇ ಸರ್ರೆಂದು ನೊರೆ ಎದ್ದಿತು. ನೊರೆಯ ಮೇಲೆ ಹೊಗೆ ಬಂತು. ಹಸಿರು ಬೆರೆತ ಹಳದಿ ಹೊಗೆ. ನನಗೆ ವಾಸನೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡಿತು, ಅಷ್ಟೆ. ಗಂಟಲನ್ನು ಯಾರೋ ಒಳಗಿನಿಂದ ಕೈ ಹಾಕಿ ಹಿಡಿದರು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮಂಡಿಯ ಮೇಲೇ ತೆವಳಿ ಬಾಗಿಲಿಗೆ ಬಂದು ದೂಡಿದೆ. ಆ ಬಾಗಿಲು ಹೊರಗಡೆಗೆ ತೆರೆಯುವಂಥದ್ದು. ಬುಡದಲ್ಲಿ ಒದ್ದೆ ಟವಲ್ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಅದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಕೈ ಮುಷ್ಟಿ ಮಾಡಿ ಬಡಿದೆ.

ಹೊರಗಿನಿಂದ ಮೇಡಂನ ದನಿ ಕೇಳಿತು. ಗಾಬರಿಯ ದನಿ. "ತೆಗೀಬೇಡ, ತೆಗೀಬೇಡ. ಮಗು ಇಲ್ಲೇ ಇದೆ. ಮಗೂನ ಕೆಳಗೆ ಬಿಟ್ಟು ಬರ್ತೀನಿ, ತಡಿ."

ಅವರು ಓಡಿದ ಸದ್ದು ಕೇಳಿತು. ಮುಂಬಾಗಿಲು ತೆರೆದ ಸದ್ದು. ಲಿಫ್ಟಿನ ಗಂಟೆ. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಬೆಂಕಿ ಬಿದ್ದರೆ ಯಾರಾದರೂ ಮೊದಲು ತಮ್ಮ ಮಗುವನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಟವಲನ್ನು ಕಾಲಿನಿಂದ ಪಕ್ಕಕ್ಕೊಮ್ಮೆ ಒದ್ದು ಓಡಬಹುದಿತ್ತು. ಒಂದೇ ಒದೆ. ಅದಕ್ಕೆ ಎಷ್ಟು ಹೊತ್ತು ಬೇಕು? ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಅದೊಂದೇ. ಭುಜ ಕೊಟ್ಟು ಬಿದ್ದೆ. ಮತ್ತೆ ಬಿದ್ದೆ. ಬಾಗಿಲು ಮುರಿದಂತೆ ತೆರೆದುಕೊಂಡಿತು, ನಾನು ಹಾಲ್‌ನ ನೆಲದ ಮೇಲೆ ಮುಖ ಅಡಿಯಾಗಿ ಬಿದ್ದೆ. ಕೆನ್ನೆಯ ಕೆಳಗೆ ಟವಲ್ ಒದ್ದೆಯಾಗಿ ತಣ್ಣಗಿತ್ತು.

ಗೇಟಿನ ವಾಚ್‌ಮನ್ ನನ್ನನ್ನು ಆಟೋಗೆ ಹತ್ತಿಸಿದ. ಕ್ಲಿನಿಕ್ಕಿನಲ್ಲಿ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿದರು. ಡಾಕ್ಟರು ಒಳ್ಳೆಯ ಮನುಷ್ಯ. ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ಬ್ಲೀಚಿನ ಜೊತೆ ಬೇರೆ ಏನನ್ನೂ ಸೇರಿಸಬಾರದು. ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟುಕೊಂಡೇ ಕೆಲಸ ಮಾಡಬೇಕು. ಚೂರು ಉರಿ ಅನ್ನಿಸಿದರೂ ಎಲ್ಲ ಅಲ್ಲೇ ಬಿಟ್ಟು ಹೊರಗೆ ಬರಬೇಕು. ಗುರುತಿಲ್ಲದ ಬಾಟಲಿ ಮುಟ್ಟಬಾರದು. ಮೂಸಿ ನೋಡಲೇಬಾರದು. ಒಂದೊಂದು ಮಾತಿಗೂ ನಾನು ತಲೆಯಾಡಿಸಿದೆ. ಕೊನೆಗೆ ಕೇಳಿಸಿಕೊಂಡು ಕೇಳಿಸಿಕೊಂಡು ನಗು ಬಂತು. ಕೊಳವೆ ಸರಿಸಿ ಹೇಳಿದೆ.

"ಡಾಕ್ಟ್ರೇ, ಬಾಗಿಲು ನನ್ನ ಕೈಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಹೇಳಲು ನನಗೆ ಉಸಿರಿರಲಿಲ್ಲ. ಮೂಗಿನ ಬಗ್ಗೆ ಕೇಳಿದೆ. ಬರಬಹುದು, ಬರದೆಯೂ ಇರಬಹುದು ಅಂದರು.

ಮನೆಗೆ ಬಂದು ಮಲಗಿದೆ. ಗೋಡೆಗೆ ದಿಂಬು ಆನಿಸಿ ಕೂತರೆ ಮಾತ್ರ ಉಸಿರು ಆಡುತ್ತಿತ್ತು. ಅಡ್ಡ ಬಿದ್ದರೆ ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ವಾಚ್‌ಮನ್ ಸಂಜೆ ಬಂದ. ನನ್ನನ್ನು ನೋಡಲು ಬಂದವನೇ, ಆದರೆ ಕೈಯಲ್ಲಿ ಮೇಡಂ ಕಳಿಸಿದ ಹಣ್ಣೂ, ಬಾಯಲ್ಲಿ ಅವರ ಮಾತೂ ಇತ್ತು. ಹೇಳಲು ಅವನಿಗೂ ಮುಜುಗರ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಹೇಳಿದ. ಬಚ್ಚಲು ಹಾಗೇ ಬಿದ್ದಿದೆಯಂತೆ, ವಾಸಿಯಾಗುವ ತನಕ ಮಗಳನ್ನು ಕಳಿಸಬೇಕಂತೆ. ಕಳಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ.

ನಾನು ಬೇಡ ಅಂದೆ. ನನ್ನ ಗಂಡ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಸೊಂಟ ಹಿಡಿದುಕೊಂಡು ಕೂತಿದ್ದ. ಒಂದಷ್ಟು ದಿನ ಹೋಗಿ ಬರಲಿ ಬಿಡು, ಆ ಮನೆ ಬಿಟ್ಟರೆ ತಿಂಗಳು ಹೇಗೆ ಮುಟ್ಟುತ್ತೆ ಅಂದ. ಅವನೂ ಕೆಟ್ಟವನಲ್ಲ. ಈ ಕಥೆಯಲ್ಲಿ ಯಾರೂ ಕೆಟ್ಟವರಿಲ್ಲ, ಅದೇ ನನಗೆ ಸಾಕಾಗಿರುವುದು. ಎಲ್ಲರಿಗೂ ಅವರವರ ಕಾರಣ ಇದೆ. ಸಾಯುವ ಸರದಿ ಮಾತ್ರ ನಮ್ಮ ಮನೆಯದು.

ಮಗಳು ನನ್ನ ಕಾಲ ಬಳಿ ಕೂತು ಸಮಾಧಾನ ಮಾಡಲು ನೋಡಿದಳು. "ನಾನು ಹೋಗ್ತೀನಮ್ಮ. ನಂಗೆ ವಾಸನೆ ಚೆನ್ನಾಗಿ ಗೊತ್ತಾಗುತ್ತೆ. ನಿನ್ನ ಥರ ತಪ್ಪು ಮಾಡಲ್ಲ."

"ನಂಗೂ ಗೊತ್ತಾಗ್ತಿತ್ತು," ಅಂದೆ. ಮುಂದೆ ಕೆಮ್ಮು ಬಂತು. ಮಾತು ಅಲ್ಲಿಗೇ ನಿಂತಿತು. ಅತ್ತೆ ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಾ ಕೂತಿದ್ದರು, ತಿನ್ನಲಿಲ್ಲ.

ಕೆಮ್ಮಿನ ಔಷಧಿ ಕುಡಿದು ಕೂತಲ್ಲೇ ನಿದ್ದೆ ಹೋದೆ. ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಹೊರಗೆ ಹಗ್ಗದ ಮೇಲೆ ಒಣಗಲು ಹಾಕಿದ್ದ ನನ್ನ ಕೆಲಸದ ಬಟ್ಟೆ ಇರಲಿಲ್ಲ. ಮಗಳೂ ಇರಲಿಲ್ಲ.

ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ದಾರಿಯಲ್ಲಿ ವಿದ್ಯುತ್ ಕಂಬ ಸಿಕ್ಕಲ್ಲೆಲ್ಲ ನಿಂತು ಅದನ್ನು ಹಿಡಿದುಕೊಂಡು ಉಸಿರು ತೆಗೆದುಕೊಂಡೆ. ವಾಚ್‌ಮನ್ ನನ್ನ ಮುಖ ನೋಡಿ ಸುಮ್ಮನೆ ಗೇಟು ತೆರೆದ. ನಮ್ಮಂಥವರು ಲಿಫ್ಟ್ ಹತ್ತುವ ಹಾಗಿಲ್ಲ. ಇಷ್ಟು ದಿನ ಮೆಟ್ಟಿಲಲ್ಲೇ ಹತ್ತಿದ್ದೆ. ಆವತ್ತು ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದೆ. ಒಳಗೆ ನಾಯಿ ಹಿಡಿದುಕೊಂಡಿದ್ದ ಒಬ್ಬರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಅವರು ನಾಯಿಯ ತಲೆ ಸವರಿದರು.

ಮುಂಬಾಗಿಲು ತೆರೆದೇ ಇತ್ತು. ಮೇಡಂ ಹಾಲ್‌ನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೋ ತಿನ್ನಿಸುತ್ತಿದ್ದರು. ಬಚ್ಚಲ ಬಾಗಿಲು ಮುಚ್ಚಿತ್ತು. ಬುಡದಲ್ಲಿ ಹಳದಿ ಟವಲ್ ಇತ್ತು. ಇನ್ನೂ ನೀರು ಜಿನುಗುತ್ತಿತ್ತು. ಈಗ ತಾನೇ ಇಟ್ಟದ್ದು.

ನಾನು ಚಪ್ಪಲಿ ಬಿಡಲಿಲ್ಲ. ಹಾಗೇ ಒಳಗೆ ಹೋದೆ. ಟವಲನ್ನು ಒದ್ದೆ. ಒಂದೇ ಒದೆ ಸಾಕಾಯಿತು. ಬಾಗಿಲು ಎಳೆದೆ.

ಮಗಳು ಮಂಡಿಯೂರಿ ಕೂತಿದ್ದಳು. ನನ್ನ ಬಟ್ಟೆ ಹಾಕಿಕೊಂಡಿದ್ದಳು. ಹಿಂದಿನಿಂದ ನೋಡಿದರೆ ನಾನೇ. ಕಣ್ಣು ಕೆಂಪಗೆ ಊದಿ, ಮೂಗಿನಿಂದ ನೀರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಮುಚ್ಚಳ. ನನ್ನನ್ನು ನೋಡಿ ಹೆದರಲಿಲ್ಲ. ನಗಲು ನೋಡಿದಳು.

"ಎಲ್ಲ ಆಯ್ತಮ್ಮ. ವಾಸನೆ ಹಾಕೋದೊಂದು ಬಾಕಿ. ಅಜ್ಜಿ ಹೇಳಿಕೊಟ್ರು."

ಅತ್ತೆ ನನಗೆ ಹೇಳಿಕೊಟ್ಟಿದ್ದರು, ನಾನು ಕಲಿತೆ. ನಾನು ಮಲಗಿದ್ದಾಗ ಇವಳಿಗೂ ಹೇಳಿಕೊಟ್ಟರು, ಇವಳೂ ಕಲಿತಳು. ಎಷ್ಟು ಸಲೀಸು. ಇವಳ ಎದೆಯೂ ಕೂರುತ್ತದೆ, ಇವಳ ಮೂಗೂ ಹೋಗುತ್ತದೆ, ಆಮೇಲೆ ಇವಳ ಮಗಳೂ ಈ ಟೈಲ್ಸ್ ಮೇಲೆ ಮಂಡಿಯೂರುತ್ತಾಳೆ. ಆ ಹೊತ್ತಿಗೆ ಟವಲ್ ಬೇರೆ ಬಣ್ಣದ್ದಿರುತ್ತದೆ.

ಬಾಟಲಿ ಕಿತ್ತುಕೊಂಡೆ. ಮುಚ್ಚಳ ಬಿಗಿದು ಕೆಳಗಿಟ್ಟೆ. ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ತಂದು ನಿಲ್ಲಿಸಿದೆ. ಮೇಡಂ ಎದ್ದು ನಿಂತಿದ್ದರು. ಮಗುವನ್ನು ಹೆಗಲಿಗೆ ಒತ್ತಿಕೊಂಡಿದ್ದರು. ಮೊದಲು ಬಾಗಿಲು ಹಾಕು, ಮಾತು ಆಮೇಲೆ ಅಂದರು. ಕೆಲಸ ಆಯಿತೋ ಇಲ್ಲವೋ ಅಂತಲೂ ಕೇಳಿದರು. ಮಗಳು ಅಭ್ಯಾಸವಿದ್ದವಳಂತೆ, ಆಯ್ತು ಮೇಡಂ ಅಂದಳು. ಒಂದೇ ದಿನಕ್ಕೆ ಅವಳಿಗೆ ಆ ದನಿ ಬಂದುಬಿಟ್ಟಿತ್ತು. ಮೇಡಂ ದೂರದಿಂದಲೇ ಕುತ್ತಿಗೆ ಚಾಚಿ ಉಸಿರು ಎಳೆದರು.

"ಏನು ಆಯ್ತು? ವಾಸನೆನೇ ಇಲ್ವಲ್ಲ."

ನನಗೆ ಕೂಗುವ ಶಕ್ತಿ ಇರಲಿಲ್ಲ. ಇದ್ದಿದ್ದರೆ ಕೂಗುತ್ತಿದ್ದೆನೇನೋ. ಬಗ್ಗಿ ಟವಲ್ ಎತ್ತಿಕೊಂಡೆ. ಅದರಿಂದ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಬಚ್ಚಲ ಬಾಗಿಲನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತೆ.

"ಇಲ್ಲಿಂದ ಗೊತ್ತಾಗಲ್ಲ ಮೇಡಂ. ಒಳಗೆ ಬಂದು ನೋಡಿ. ಬಾಗಿಲು ನಾನು ಹಾಕ್ತೀನಿ. ಟವಲ್ಲೂ ನಾನೇ ಇಡ್ತೀನಿ."

ಅವರು ನನ್ನನ್ನು ನೋಡಿದರು. ಕೈಯಲ್ಲಿದ್ದ ಟವಲನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು. ಏನು ಮಾತಾಡ್ತಿದ್ದೀಯ, ತಲೆ ನೆಟ್ಟಗಿದೆಯಾ ಅಂದರು. ಇಷ್ಟು ದಿನ ಮನೆಯವಳ ಥರ ನೋಡಿಕೊಂಡೆ, ಹುಷಾರಿಲ್ಲದಾಗ ಹಣ್ಣು ಕಳಿಸಿದೆ, ಅದಕ್ಕೆ ಇದಾ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಹಣ್ಣು ಬಂದಿತ್ತು. ನಾನು ಬಾಗಿಲು ಹಿಡಿದುಕೊಂಡೇ ಇದ್ದೆ.

"ಬನ್ನಿ ಮೇಡಂ. ಸ್ವಲ್ಪ ಹೊತ್ತು. ನಾನು ಆಚೆ ನಿಂತಿರ್ತೀನಿ."

ಅವರು ಬರಲಿಲ್ಲ.

ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅದನ್ನು ಕಣ್ಣಾರೆ ನೋಡಬೇಕಿತ್ತು. ನನ್ನ ಮಗಳೂ ನೋಡಬೇಕಿತ್ತು. ಅವಳು ನೋಡಿದಳು.

ಮಗುವನ್ನು ಕೆಳಗೆ ಕರೆದುಕೊಂಡು ಹೋಗಿ ಅಂತ ಹೇಳಿದೆ. ಅದೇನು ತಪ್ಪು ಮಾಡಿದೆ, ಪಾಪ. ಅದಕ್ಕೆ ಉಬ್ಬಸ, ಇಲ್ಲಿ ನಿಲ್ಲಬೇಡಿ, ನಾನು ಇನ್ನು ಬಾಗಿಲು ಹಾಕುವುದಿಲ್ಲ ಅಂದೆ. ಆಮೇಲೆ ಒಂದು ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಕಿಟಕಿಯ ರಟ್ಟಿನ ಟೇಪಿಗೆ ಉಗುರು ಹಾಕಿದೆ. ಹಳೆಯ ಟೇಪು, ಹೊಟ್ಟಿನಂತೆ ಉದುರಿತು. ರಟ್ಟು ಕಿತ್ತು ಬಂತು, ಜೊತೆಗೆ ಒಣಗಿದ ಕಡ್ಡಿಗಳೂ ಬಿದ್ದವು. ಪಾರಿವಾಳದ ಹಳೆಯ ಗೂಡು. ಹೊರಗಿನ ಗಾಳಿ ನುಗ್ಗಿತು. ಒಳಗಿದ್ದದ್ದೆಲ್ಲ ಎದುರಿನ ಬಾಗಿಲ ಕಡೆ ಹೊರಟಿತು. ಟವಲನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಜಾಲಿಸಿದೆ. ಹೊರಗೆ ಬಂದು ಅದರಿಂದಲೇ ಮಗಳ ಕಣ್ಣು ಒರೆಸಿದೆ, ಮುಖ ಒರೆಸಿದೆ, ಕತ್ತು ಒರೆಸಿದೆ. ಆ ಟವಲ್ ಆ ಮನೆಯಲ್ಲಿ ಅಷ್ಟು ದಿನಕ್ಕೆ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ವಾಸನೆ ಹಾಲ್‌ಗೆ ಬಂದದ್ದು ನನಗೆ ತಿಳಿಯಲಿಲ್ಲ. ಮೇಡಂ ಮೂಗು ಮುಚ್ಚಿಕೊಂಡು ಮಗುವಿನೊಡನೆ ಮೆಟ್ಟಿಲಿನ ಕಡೆ ಓಡಿದಾಗ ತಿಳಿಯಿತು.

ಮನೆಗೆ ಬಂದಾಗ ಅತ್ತೆ ಅಲ್ಲೇ, ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮೊಮ್ಮಗಳಿಗೆ ಹೇಳಿಕೊಡಲು ನಿಮಗೆ ಮನಸ್ಸಾದರೂ ಹೇಗೆ ಬಂತು ಅಂತ ಕೇಳಬೇಕಿತ್ತು. ಅವರ ಬೆನ್ನು ನೋಡಿದ ಮೇಲೆ ಆಗಲಿಲ್ಲ. ಪಕ್ಕದಲ್ಲಿ ಕೂತೆ. ಮಗಳು ಆ ಕಡೆ ಕೂತಳು. ಮಗಳೇ ಎಲ್ಲ ಹೇಳಿದಳು. ಟವಲಿನ ವಿಷಯ ಬಂದಾಗ ಅತ್ತೆ ಕೈ ಎತ್ತಿ ಅವಳನ್ನು ನಿಲ್ಲಿಸಿದರು.

"ನನ್ನ ಕಾಲದಲ್ಲಿ ಅದು ನೀಲಿ ಇತ್ತು," ಅಂದರು.

ಅವರು ಅದನ್ನು ನನಗೆ ಎಂದೂ ಹೇಳಿರಲಿಲ್ಲ. ಆಗ ಆ ಮನೆಯಲ್ಲಿ ಮಗುವಾಗಿದ್ದದ್ದು ಈ ಮಗುವಿನ ಅಪ್ಪ. ಅವನಿಗೂ ಉಬ್ಬಸವಿತ್ತಂತೆ. ಅವನು ಬೆಳೆದು ದೊಡ್ಡವನಾಗಿ, ದಿನಾ ಬೆಳಿಗ್ಗೆ ಓಡಲು ಹೋಗುವಷ್ಟು ಗಟ್ಟಿಯಾದ. ಅತ್ತೆ ಅಷ್ಟು ಹೇಳಿ ಕೆಮ್ಮಿದರು. ನಾವು ಕೆಮ್ಮು ಮುಗಿಯುವ ತನಕ ಕಾದೆವು. ಮುಗಿದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು, ಬಾಗಿಲು ಪೂರ್ತಿ ತೆರೆದೆಯಾ ಅಂತ ಕೇಳಿದರು. ಪೂರ್ತಿ ತೆರೆದೆ ಅಂದೆ. ಹಾಗೇ ಬಿಟ್ಟು ಬಂದೆಯಾ ಅಂದರು. ಹಾಗೇ ಬಿಟ್ಟು ಬಂದೆ ಅಂದೆ. ಮತ್ತೆ ಗೋಡೆ ನೋಡುತ್ತಾ ಕೂತರು. ಕೆಲಸ ಹೋಯಿತು ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಗಂಡ ಬಂದ ಮೇಲೆ ಆ ಮಾತು ಹೇಗೂ ಬರುತ್ತದೆ.

ಬಂತು. ಜಗಳವೂ ಆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ, ಎಲ್ಲರ ಮನೆಯಲ್ಲೂ ಆಗುವಂಥದ್ದೇ.

ಮರುದಿನ ಬೆಳಿಗ್ಗೆ ಅತ್ತೆ ನನಗಿಂತ ಮೊದಲೇ ಎದ್ದಿದ್ದರು. ತಲೆ ಬಾಚಿಕೊಂಡಿದ್ದರು. ಹೊರಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆ, ಕಪಾಟಿನ ಅಡಿಯಿಂದ ತಮ್ಮ ಚಪ್ಪಲಿ ಹುಡುಕಿ ತೆಗೆದು, ಧೂಳು ಕೊಡವಿ ಹಾಕಿಕೊಳ್ಳುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು ಹೇಳಿದರು.

"ಗೇಟಿಗೆ. ಇವತ್ತು ಅಲ್ಲಿಗೆ ಹೊಸಬಳು ಯಾರೋ ಬರ್ತಾಳೆ. ವಾಸನೆ ಹಾಕೋದನ್ನ ಹೇಳಿಕೊಡೋಕೆ ಜನ ಬೇಕಾದಷ್ಟಿದ್ದಾರೆ. ಹಾಕಬೇಡ ಅಂತ ಹೇಳೋಕೆ ಯಾರಿದ್ದಾರೆ?"

ಅವರ ಗಂಟಲಲ್ಲಿ ದನಿಯಿಲ್ಲ. ಬೀದಿಯ ಗದ್ದಲದಲ್ಲಿ ಅವರ ಮಾತು ಯಾರ ಕಿವಿಗೂ ಮುಟ್ಟುವುದಿಲ್ಲ. ನಾನೂ ಎದ್ದು ಚಪ್ಪಲಿ ಹಾಕಿಕೊಂಡೆ.